ಜರ್ಮನ್ನಾ, ಫ್ರೆಂಚಾ, ಅಮೆರಿಕನ್ನಾ? ಸಣ್ಣ ಶೆಡ್ಡಿನವರು ಯಾವ ಚೇಂಬರ್ ಸೇರಬೇಕು

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್), ಎರಡು ಹಳೇ ಲೇತ್, ಹದಿನೆಂಟು ಜನ. ಕೆಲವು ವರ್ಷದ ಹಿಂದೆ ಮೊದಲ ಸಲ ಒಂದು ದ್ವಿರಾಷ್ಟ್ರೀಯ ಚೇಂಬರ್, ಅಂದರೆ ಭಾರತ ಮತ್ತು ಇನ್ನೊಂದು ದೇಶದ ನಡುವಿನ ವ್ಯಾಪಾರಕ್ಕೆ ಅಂತ ಇರುವ ಸಂಘ, ಸೇರಿದೆವು. ಯಾವುದು ಅಂತ ಹೇಳುವುದಿಲ್ಲ. ಚೆಕ್ ಕೊಟ್ಟ ವಾರವೇ ಗೋಡೆಗೆ ಹಾಕುವಂಥ ಸರ್ಟಿಫಿಕೇಟ್ ಬಂತು. ದೊಡ್ಡ ಹೋಟೆಲಿನ ಸಂಜೆ ಸಭೆಗೆ ಕರೆ ಬಂತು. ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದೆ. ಕೂಲಂಟ್ ವಾಸನೆ ಕೈಯಿಂದ ಪೂರ್ತಿ ಹೋಗಿರಲಿಲ್ಲ, ಅದು ಬೇರೆ ಮಾತು.

ಆ ಸಂಜೆ ಮೂವತ್ತೆರಡು ವಿಸಿಟಿಂಗ್ ಕಾರ್ಡ್ ಜೇಬಿಗೆ ಬಿದ್ದವು. ಸೋಮವಾರ ಆಫೀಸಿನ ಮೇಜಿನ ಮೇಲೆ ಹರಡಿಕೊಂಡು ವಿಂಗಡಿಸಿದೆ. ಒಂದು ಕಡೆ ಬ್ಯಾಂಕು, ಇನ್ಶೂರೆನ್ಸಿನವರು. ಇನ್ನೊಂದು ಕಡೆ ಕನ್ಸಲ್ಟೆಂಟ್‌ಗಳು, ವಕೀಲರು. ಮಿಕ್ಕವರು ನನ್ನ ಹಾಗೇ ಗಿರಾಕಿ ಹುಡುಕಿಕೊಂಡು ಬಂದವರು. ಕೊಳ್ಳುವವರ ಕಾರ್ಡು ಒಂದೂ ಇರಲಿಲ್ಲ. ಆಮೇಲೆ ಒಂದು ಸಣ್ಣ ವಿಚಾರಕ್ಕೆ ಮೇಲ್ ಹಾಕಿದೆ. ಆರು ವಾರ ಉತ್ತರವಿಲ್ಲ. ರಿನ್ಯೂವಲ್ ನೆನಪಿಸೋಕೆ ಮಾತ್ರ ಸರಿಯಾದ ದಿನಕ್ಕೆ ಫೋನ್ ಬಂತು.

ಸಿಟ್ಟು ಬಂದಿದ್ದು ನಿಜ. ಆದರೆ ಆ ಚೇಂಬರ್ ಯಾರಿಗೋಸ್ಕರ ಇದೆ ಅಂತ ಒಂದು ಮಾತೂ ಕೇಳದೆ ಸೇರಿದ್ದು ನಾನೇ. ಆ ಮೇಲೆ ಎರಡು ವರ್ಷ ಸುತ್ತಾಡಿ, ಕೇಳಿ, ಕೆಲವು ಕಡೆ ಸದಸ್ಯನಲ್ಲದೆಯೂ ಹೋಗಿ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಐಟಿ ಕಂಪನಿಯವರಿಗೆ ಲೆಕ್ಕ ಬೇರೆ ಇರಬಹುದು. ನಾನು ನೋಡಿದ್ದು ಸಣ್ಣ ತಯಾರಕರ ಕಣ್ಣಿನಿಂದ.

ಮೊದಲು ನೋಡಬೇಕಾದ್ದು: ಚೇಂಬರ್ ಯಾರ ದುಡ್ಡಿನಲ್ಲಿ ನಡೆಯುತ್ತೆ

ಹೆಸರೆಲ್ಲ ಒಂದೇ ಥರ ಕೇಳಿಸುತ್ತವೆ. ಇಂಡೋ ಅಂತ ಶುರು, ಕೊನೆಗೆ ಚೇಂಬರ್. ಒಳಗೆ ಹೋದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಕಾರಣ ಆಯಾ ದೇಶದಲ್ಲಿ ಚೇಂಬರ್ ಅಂದರೆ ಏನು ಅನ್ನುವುದರಲ್ಲಿದೆ.

ಜರ್ಮನಿಯಲ್ಲಿ ಚೇಂಬರ್ ಅಂದರೆ ಅರ್ಧ ಸರಕಾರಿ ಕಚೇರಿ ಇದ್ದ ಹಾಗೆ. ಅಲ್ಲಿ 79 ಪ್ರಾದೇಶಿಕ ಚೇಂಬರ್‌ಗಳಿವೆ. ವ್ಯಾಪಾರ, ಕೈಗಾರಿಕೆ ನಡೆಸುವ ಸಂಸ್ಥೆ ತನ್ನ ಊರಿನ ಚೇಂಬರಿನ ಸದಸ್ಯನಾಗಲೇಬೇಕು ಅಂತ ಕಾನೂನಿದೆ. ಅಪ್ರೆಂಟಿಸ್ ಹುಡುಗರ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡುವುದೂ ಅದೇ ಚೇಂಬರ್. ಫ್ರಾನ್ಸಿನಲ್ಲೂ ಚೇಂಬರ್‌ಗಳು ಸರಕಾರದ ಕಾನೂನಿನಡಿಯ ಸಂಸ್ಥೆಗಳೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅದು ಖಾಸಗಿ ಕಂಪನಿಗಳು ಸ್ವಂತ ಇಷ್ಟದಿಂದ ಕಟ್ಟಿಕೊಂಡ ಸಂಘ. ಸರಕಾರದ ಹತ್ತಿರ ತಮ್ಮ ಮಾತು ಮುಟ್ಟಿಸೋದು ಅದರ ಮುಖ್ಯ ಕೆಲಸ. ಈ ಸ್ವಭಾವ ಭಾರತಕ್ಕೆ ಬಂದ ಮೇಲೂ ಹೋಗಿಲ್ಲ. ಇದೊಂದು ಗೊತ್ತಿದ್ದಿದ್ದರೆ ನನ್ನ ಮೊದಲ ವರ್ಷದ ದುಡ್ಡು ಉಳಿಯುತ್ತಿತ್ತು.

ಇಂಡೋ-ಜರ್ಮನ್ ಚೇಂಬರ್: ಕೆಲಸಕ್ಕೆ ಬಿಲ್ಲು, ಬಿಲ್ಲಿಗೆ ಕೆಲಸ

ಶುರುವಾಗಿದ್ದು 1956ರಲ್ಲಿ. ಮುಖ್ಯ ಕಚೇರಿ ಮುಂಬೈ. ದೆಹಲಿ, ಕೋಲ್ಕತ್ತ, ಚೆನ್ನೈ, ಪುಣೆ, ಬೆಂಗಳೂರಿನಲ್ಲಿ ಶಾಖೆಗಳಿವೆ, ಜರ್ಮನಿಯ ಡಸೆಲ್ಡಾರ್ಫ್‌ನಲ್ಲೂ ಒಂದು ಕಚೇರಿ ಇದೆ. ನಾಲ್ಕು ಸಾವಿರಕ್ಕೂ ಜಾಸ್ತಿ ಸದಸ್ಯರು. ಜರ್ಮನಿ 90ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಚೇಂಬರ್ ಇಟ್ಟಿದೆ. ಆ ಜಾಲಕ್ಕೆ ಅಲ್ಲಿನ ಆರ್ಥಿಕ ವ್ಯವಹಾರಗಳ ಸಚಿವಾಲಯದಿಂದ ಒಂದಿಷ್ಟು ದುಡ್ಡು ಬರುತ್ತದೆ. ಮಿಕ್ಕದ್ದು ಸದಸ್ಯರ ಶುಲ್ಕ ಮತ್ತು ಸೇವೆಯ ಬಿಲ್ಲಿನಿಂದ.

ಸೇವೆಯ ಬಿಲ್ಲು ಅನ್ನುವ ಮಾತನ್ನು ಗಮನಿಸಿ. ಸದಸ್ಯತ್ವ ತೆಗೆದುಕೊಂಡ ತಕ್ಷಣ ಗಿರಾಕಿ ಹುಡುಕಿ ಕೊಡುತ್ತಾರೆ ಅಂದುಕೊಳ್ಳಬೇಡಿ. ಅದಕ್ಕೆ ಬೇರೆ ದರ. ಆದರೆ ದರ ಕೊಟ್ಟರೆ ಕೆಲಸ ಆಗುತ್ತದೆ. ನಮ್ಮ ಡ್ರಾಯಿಂಗ್, ಮಷಿನ್ ಪಟ್ಟಿ ನೋಡಿ ಯಾವ ಥರದ ಕಂಪನಿ ನಮಗೆ ಹೊಂದುತ್ತೆ ಅಂತ ಗುರುತಿಸಿ, ಅಲ್ಲಿಗೆ ಪತ್ರ ಬರೆದು, ಯಾರು ಮಾತಾಡೋಕೆ ಒಪ್ಪಿದರು ಅಂತ ಪಟ್ಟಿ ಕೊಡುತ್ತಾರೆ. ಪಟ್ಟಿಯಲ್ಲಿ ನೂರು ಹೆಸರಿರೋದಿಲ್ಲ. ಐದಾರು ಇದ್ದರೂ ಅವು ಉಪಯೋಗಕ್ಕೆ ಬರುವ ಹೆಸರುಗಳು. ನಮ್ಮವರಿಗೆ ಇದು ಸ್ವಲ್ಪ ಒಗ್ಗುವುದಿಲ್ಲ. 'ಮೆಂಬರ್ ಆದ್ಮೇಲೂ ದುಡ್ಡು ಕೊಡ್ಬೇಕಾ ಸರ್?' ಅಂತ ಪಕ್ಕದ ಶೆಡ್ಡಿನವರು ಕೇಳಿದರು. ಕೊಡಬೇಕು. ಸುಮ್ನೆ ಸಿಗುವ ಸಲಹೆ ಎಷ್ಟು ದುಬಾರಿ ಅಂತ ನನಗೆ ಆಗಲೇ ಗೊತ್ತಾಗಿತ್ತು.

ಈ ಚೇಂಬರಿನ ನಿಜವಾದ ಬೆಲೆ ನನಗೆ ತಿಳಿದದ್ದು ಆರ್ಡರ್ ಹುಡುಕುವಾಗ ಅಲ್ಲ. ನಮ್ಮ ಗಿರಾಕಿಯೊಬ್ಬರು ಜರ್ಮನಿಗೆ ಮಾಲು ಕಳಿಸುತ್ತಾರೆ. ಒಂದು ದಿನ ಅವರ ಕಡೆಯಿಂದ ಹದಿನಾಲ್ಕು ಪುಟದ ಪ್ರಶ್ನಾವಳಿ ಬಂತು. ಕೆಲಸಗಾರರ ವಯಸ್ಸು, ಓವರ್‌ಟೈಮ್, ಬೆಂಕಿ ಆರಿಸುವ ವ್ಯವಸ್ಥೆ, ಎಣ್ಣೆ ಎಲ್ಲಿ ಚೆಲ್ಲುತ್ತೀರಿ, ಕೆಲಸಗಾರರು ಹೆಸರು ಹೇಳದೆ ದೂರು ಕೊಡೋಕೆ ದಾರಿ ಇದೆಯಾ. ಹಿನ್ನೆಲೆ ಏನೆಂದರೆ ಜರ್ಮನಿ 2023ರಲ್ಲಿ ಒಂದು ಪೂರೈಕೆ ಸರಪಳಿ ಕಾನೂನು ಜಾರಿ ಮಾಡಿತು. ಮೊದಲು 3,000 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಂಪನಿಗಳಿಗೆ, 2024ರಿಂದ 1,000 ಜನ ಇರುವವರಿಗೂ. ತಮಗೆ ಮಾಲು ಕೊಡುವವರು ಜನರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಅವರು ವಿಚಾರಿಸಲೇಬೇಕು. ಆ ಕಾನೂನು ಸಡಿಲ ಮಾಡುವ ಮಾತು ಅಲ್ಲಿ ನಡೆದಿದೆ. ಪೀಣ್ಯಕ್ಕೆ ಬರುವ ಪ್ರಶ್ನಾವಳಿಯಂತೂ ನಿಂತಿಲ್ಲ.

ಇದರ ಬಗ್ಗೆ ಇಟ್ಟಿದ್ದ ಅರ್ಧ ದಿನದ ತರಗತಿಗೆ ಹೋಗಿ ಕೂತೆ. ಯಾವ ಪ್ರಶ್ನೆಗೆ ಯಾವ ಕಾಗದ ಸಾಕು, ಎಲ್ಲಿ 'ಇಲ್ಲ, ಆದರೆ ಮೂರು ತಿಂಗಳಲ್ಲಿ ಮಾಡುತ್ತೇವೆ' ಅಂತ ಬರೆದರೆ ನಡೆಯುತ್ತೆ ಅಂತ ಬಿಡಿಸಿ ಹೇಳಿದರು. ವಾಪಸ್ ಬಂದು ವಾಟರ್ ಫಿಲ್ಟರ್ ಪಕ್ಕ ಒಂದು ತಗಡಿನ ಡಬ್ಬ ಹೊಡೆಸಿದೆ. ದೂರು ಪೆಟ್ಟಿಗೆ. ಬೀಗದ ಕೈ ನನ್ನ ಹತ್ತಿರ ಇರಬಾರದಂತೆ, ಹಾಗಾಗಿ ಅಕೌಂಟ್ಸ್ ನೋಡುವ ಮೇಡಂ ಹತ್ತಿರ ಇದೆ. ಮೊದಲ ತಿಂಗಳು ಬಿದ್ದದ್ದು ಒಂದೇ ಚೀಟಿ: 'ಎರಡನೇ ಶಿಫ್ಟಿಗೆ ಟೀ ಬರ್ತಾ ಇಲ್ಲ.' ನಿಜ, ಬರುತ್ತಿರಲಿಲ್ಲ. ಟೀ ಅಂಗಡಿಯವರು ಏಳಕ್ಕೇ ಬಾಗಿಲು ಹಾಕುತ್ತಿದ್ದರು, ನನಗೆ ಗೊತ್ತೇ ಇರಲಿಲ್ಲ.

ಇದೇ ಥರ ಯುರೋಪಿನ ಇಂಗಾಲದ ಗಡಿ ತೆರಿಗೆ (ಮಾಲು ತಯಾರಾಗುವಾಗ ಹೊರಬಿದ್ದ ಇಂಗಾಲದ ಲೆಕ್ಕದಲ್ಲಿ ಆಮದಿನ ಮೇಲೆ ಬೀಳುವುದು) 2026ರ ಜನವರಿಯಿಂದ ಪೂರ್ತಿ ಜಾರಿಗೆ ಬಂದಿದೆ. ಉಕ್ಕಿನ ಬೋಲ್ಟು, ನಟ್ಟು ಕಳಿಸುವವರಿಗೂ ತಟ್ಟುತ್ತದೆ. ಇಂಥದ್ದು ನಮ್ಮ ಆಡಿಟರ್‌ಗೆ ಗೊತ್ತಿರೋದಿಲ್ಲ. ಚೇಂಬರಿನವರಿಗೆ ಗೊತ್ತಿರುತ್ತೆ, ಗೊತ್ತಿರಲೇಬೇಕು.

ಇನ್ನು ತರಬೇತಿ. ವಾರದಲ್ಲಿ ಕೆಲವು ದಿನ ಶಾಲೆ, ಮಿಕ್ಕ ದಿನ ಶಾಪ್ ಫ್ಲೋರ್. ಜರ್ಮನರು ಡ್ಯುಯಲ್ ಅನ್ನುವ ಈ ಪದ್ಧತಿ ಬೆಂಗಳೂರಿಗೆ ಹೊಸದೇನಲ್ಲ. ಆಡುಗೋಡಿಯ ಮೈಕೋ ಗೊತ್ತಲ್ಲ, ಈಗಿನ ಬಾಷ್. 1951ರಲ್ಲಿ ಶುರುವಾದ ಕಂಪನಿ. 60ರ ದಶಕದಲ್ಲೇ ಅಲ್ಲಿ ಅಪ್ರೆಂಟಿಸ್ ಶಾಲೆ ಶುರುವಾಯಿತು. ಅಲ್ಲಿ ಅರ (ಫೈಲ್) ಹಿಡಿದು ಕಲಿತವರು ಆಮೇಲೆ ಪೀಣ್ಯದಲ್ಲಿ ಸ್ವಂತ ಶೆಡ್ ಹಾಕಿದ್ದಾರೆ. ಚೇಂಬರ್ ತನ್ನದೇ ತರಬೇತಿ ಕೇಂದ್ರವನ್ನೂ ನಡೆಸುತ್ತದೆ. ಅಲ್ಲಿ ಡಿಗ್ರಿ ಮುಗಿಸಿದವರಿಗೆ ವ್ಯಾಪಾರ ಆಡಳಿತ ಕಲಿಸುತ್ತಾರೆ, ಕಲಿಯುವಾಗಲೇ ಒಂದು ಕಂಪನಿಯಲ್ಲಿ ಕೆಲಸ. ಸಮಾಜಸೇವೆ ಅಂತ ಬೋರ್ಡು ಹಾಕಿಕೊಳ್ಳದಿದ್ದರೂ ನನ್ನ ಲೆಕ್ಕದಲ್ಲಿ ಇದೂ ಊರಿಗೆ ಆದ ಕೆಲಸವೇ.

ಇಂಡೋ-ಫ್ರೆಂಚ್: ವಿಮಾನದ ಬಿಡಿಭಾಗ ಮಾಡುವವರಿಗೆ

1977ರದ್ದು. ಮುಂಬೈ ಕೇಂದ್ರ, ಬೆಂಗಳೂರಿನಲ್ಲೂ ಕಚೇರಿ. ಜರ್ಮನ್ ಚೇಂಬರಿಗಿಂತ ಚಿಕ್ಕದು. ಚಿಕ್ಕದಾಗಿರೋದೇ ಇದರ ಲಾಭ ಅಂತ ನನಗೆ ಅನ್ನಿಸಿತು. ಸಭೆಯಲ್ಲಿ ಎರಡನೇ ಸಲ ಹೋದಾಗ ಹೆಸರು ಹಿಡಿದು ಮಾತಾಡಿಸಿದರು.

ಬೆಂಗಳೂರಿಗೂ ಫ್ರಾನ್ಸಿಗೂ ಇರುವ ನಂಟು ಮುಖ್ಯವಾಗಿ ಆಕಾಶದ್ದು. ಎಚ್‌ಎಎಲ್ ಮಾಡಿದ ಚೇತಕ್ ಹೆಲಿಕಾಪ್ಟರಿನ ಮೂಲ ವಿನ್ಯಾಸ ಫ್ರಾನ್ಸಿನದು. ಈಗ ಏರ್‌ಬಸ್, ಸಫ್ರಾನ್, ಥೇಲ್ಸ್ ಎಲ್ಲವೂ ಈ ಊರಿನಲ್ಲಿವೆ. ದೇವನಹಳ್ಳಿ ಕಡೆ ಏರೋಸ್ಪೇಸ್ ಕೆಲಸ ಮಾಡುವವರು ಕಣ್ಣುಮುಚ್ಚಿ ಇದನ್ನು ಮೊದಲು ನೋಡಬಹುದು. ಒಂದು ಎಚ್ಚರಿಕೆ. ವಿಮಾನ ಉದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್9100 ಸರ್ಟಿಫಿಕೇಟ್ ಕೈಯಲ್ಲಿ ಇಲ್ಲದೆ ಅಲ್ಲಿ ಹೋದರೆ ಊಟ ಮಾಡಿ ಬರಬೇಕು ಅಷ್ಟೇ. ಊಟ ಚೆನ್ನಾಗಿರುತ್ತೆ, ಅದರಲ್ಲಿ ಎರಡು ಮಾತಿಲ್ಲ.

ಅಮೆರಿಕದ್ದು ಎರಡಿವೆ, ಬಾಗಿಲು ತಪ್ಪಬೇಡಿ

ಜಾಸ್ತಿ ಜನ ಎಡವೋದು ಇಲ್ಲೇ. ಆಮ್‌ಚಾಮ್ ಅನ್ನೋದು 1992ರಲ್ಲಿ ಆದದ್ದು. ಭಾರತದಲ್ಲಿ ವ್ಯವಹಾರ ಮಾಡುವ ಅಮೆರಿಕನ್ ಕಂಪನಿಗಳ ಸಂಘ. ಭಾರತದಲ್ಲಿರುವ ಅಮೆರಿಕದ ರಾಯಭಾರಿಯೇ ಅದರ ಗೌರವ ಅಧ್ಯಕ್ಷರು. ತೆರಿಗೆ, ಡೇಟಾ ಕಾನೂನು, ಔಷಧದ ಪೇಟೆಂಟು ಇಂಥ ವಿಷಯ ಹಿಡಿದು ದೆಹಲಿಯ ಜತೆ ಮಾತಾಡೋದು ಅವರ ಕೆಲಸ. ಹದಿನೆಂಟು ಜನರ ಮಷಿನ್ ಶಾಪಿಗೆ ಅಲ್ಲಿ ಕೂರೋಕೆ ಜಾಗವಿಲ್ಲ. ಅದು ಅವರ ತಪ್ಪಲ್ಲ.

ಇಂಡೋ-ಅಮೆರಿಕನ್ ಚೇಂಬರ್ ಬೇರೆ. 1968ರದ್ದು, ಕೇಂದ್ರ ಮುಂಬೈ, ಕರ್ನಾಟಕ ಶಾಖೆ ಬೆಂಗಳೂರಿನಲ್ಲಿ. ಭಾರತದ ಕಂಪನಿಗಳು, ಸಣ್ಣವರೂ ಸೇರಿ, ಸದಸ್ಯರಾಗಬಹುದು. ನಿಯೋಗ ಕರೆದುಕೊಂಡು ಹೋಗೋದು, ವಿಚಾರ ಸಂಕಿರಣ, ಪರಿಚಯದ ಸಭೆಗಳು ಇಲ್ಲಿ ಜಾಸ್ತಿ. ಸೇವೆ, ಸಾಫ್ಟ್‌ವೇರ್, ಶಿಕ್ಷಣದವರಿಗೆ ಹೊಂದುತ್ತದೆ. ಜರ್ಮನ್ ಚೇಂಬರಿನ ಹಾಗೆ ಕೂತು ಗಿರಾಕಿ ಹುಡುಕಿಕೊಡುವ ಸಿಬ್ಬಂದಿ ಎಷ್ಟಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ.

ಸ್ವಿಸ್ (1985), ಇಟಾಲಿಯನ್ (1966) ಚೇಂಬರ್‌ಗಳೂ ಇವೆ. ನಿಮ್ಮ ಮಷಿನ್ ಆ ದೇಶದ್ದಾದರೆ, ಅಥವಾ ಗಿರಾಕಿ ಅಲ್ಲಿಯವರಾದರೆ ವಿಚಾರಿಸಿ. ಸ್ವಿಟ್ಜರ್ಲೆಂಡ್ ಕಡೆ ಈಗ ಕಣ್ಣಿಡೋಕೆ ಒಂದು ಕಾರಣವಿದೆ: ಸ್ವಿಸ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಜತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸುಂಕ ಎಷ್ಟು ಇಳಿಯಿತು ಅಂತ ನಿಮ್ಮ ಮಾಲಿನ ಎಚ್‌ಎಸ್ ಕೋಡ್ (ಕಸ್ಟಮ್ಸಿನವರು ಮಾಲು ಗುರುತಿಸುವ ನಂಬರ್) ಇಟ್ಟುಕೊಂಡೇ ಕೇಳಿ.

ಜಪಾನ್: ಒಳಗೆ ಹೋಗೋದು ಕಷ್ಟ, ಹಬ್ಬಕ್ಕೆ ಎಲ್ಲರಿಗೂ ಕರೆ

ಬೆಂಗಳೂರಿನ ಜಪಾನ್ ಚೇಂಬರಿನಲ್ಲಿ ಇರುವವರು ಮುಖ್ಯವಾಗಿ ಇಲ್ಲಿ ನೆಲೆಯೂರಿದ ಜಪಾನಿ ಕಂಪನಿಗಳು. ಬಿಡದಿಯ ಟೊಯೋಟಾ, ನರಸಾಪುರದ ಹೋಂಡಾ, ಅವರಿಗೆ ಮಾಲು ಕೊಡುವವರು ಈ ಬಳಗ. ಅವರ ಮಾತುಕತೆ ಅವರ ಭಾಷೆಯಲ್ಲೇ. ನಾವು ಸದಸ್ಯತ್ವ ಅಂತ ಬಾಗಿಲು ತಟ್ಟೋದರಿಂದ ಹೆಚ್ಚೇನೂ ಆಗುವುದಿಲ್ಲ.

ಆದರೆ ಊರಿನ ಜನರ ಜತೆ ಬೆರೆಯುವ ವಿಷಯ ಬಂದರೆ ಇವರ ಮುಂದೆ ಯಾರೂ ಇಲ್ಲ. 2005ರಿಂದ ಬೆಂಗಳೂರಿನಲ್ಲಿ ಜಪಾನ್ ಹಬ್ಬ ನಡೆಯುತ್ತಿದೆ. ಹೆಸರಿನಲ್ಲೇ 'ಹಬ್ಬ' ಅನ್ನುವ ಕನ್ನಡ ಪದ ಇಟ್ಟುಕೊಂಡಿದ್ದಾರೆ ನೋಡಿ. ಚೇಂಬರ್, ಕಾನ್ಸುಲೇಟ್, ಇಲ್ಲಿ ಜಪಾನಿ ಭಾಷೆ ಕಲಿಸುವವರು, ಕಲಿಯುವವರು ಎಲ್ಲ ಸೇರಿ ಮಾಡುತ್ತಾರೆ. ನಮ್ಮ ಹುಡುಗರು ಯುಕಾತಾ ಉಟ್ಟುಕೊಂಡು ಜಪಾನಿ ಹಾಡು ಹೇಳುತ್ತಾರೆ, ಜಪಾನಿ ಮ್ಯಾನೇಜರ್‌ಗಳು ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ನಾನು ನೋಡಿದ ಹಾಗೆ ಯಾವ ಹೋಟೆಲ್ ಸಭೆಗಿಂತ ಅಲ್ಲಿ ಮಾತು ಸಲೀಸಾಗಿ ಶುರುವಾಗುತ್ತದೆ. ಟಿಕೆಟ್ಟಿನ ಖರ್ಚೂ ಇಲ್ಲ, ಕಾರ್ಡು ಹಂಚುವ ಗಡಿಬಿಡಿಯೂ ಇಲ್ಲ.

ಬಿಡದಿಯ ಟೊಯೋಟಾ ತರಬೇತಿ ಶಾಲೆಯನ್ನೂ ಕೆಲವರು ಚೇಂಬರಿನ ಕೆಲಸ ಅಂದುಕೊಂಡಿದ್ದಾರೆ. ಅದು ಕಂಪನಿಯದೇ. 2007ರಿಂದ ಹಳ್ಳಿಯ ಬಡ ಮಕ್ಕಳನ್ನು ಎಸ್‌ಎಸ್‌ಎಲ್‌ಸಿ ಆದ ಮೇಲೆ ಸೇರಿಸಿಕೊಂಡು, ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತದೆ.

ಸಮಾಜಸೇವೆಯ ಪುಟವನ್ನು ಹೇಗೆ ಓದಬೇಕು

ಎಲ್ಲ ಚೇಂಬರಿನವರೂ ಸಮಾಜಸೇವೆಯ ಫೋಟೋ ತೋರಿಸುತ್ತಾರೆ. ಗಿಡ ನೆಟ್ಟದ್ದು, ಶಾಲೆಗೆ ಬ್ಯಾಗ್ ಕೊಟ್ಟದ್ದು, ಕೆರೆ ದಂಡೆಯಲ್ಲಿ ಕೈಗವಸು ಹಾಕಿಕೊಂಡು ನಿಂತದ್ದು. ನಾನು ಅದನ್ನು ಮೊದಲು ದಾಟಿಸಿಬಿಡುತ್ತಿದ್ದೆ. ಈಗ ಅದನ್ನೇ ಮೊದಲು ನೋಡುತ್ತೇನೆ. ಚೇಂಬರಿಗೆ ಹಿಡಿದ ಕೆಲಸ ಮುಗಿಸುವ ಅಭ್ಯಾಸ ಇದೆಯಾ ಅನ್ನೋದು ಅಲ್ಲಿ ಕಾಣಿಸುತ್ತೆ.

ಸ್ವಲ್ಪ ಕಾನೂನು ಗೊತ್ತಿದ್ದರೆ ಒಳ್ಳೇದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನೆಟ್‌ವರ್ತ್, ಇಲ್ಲವೇ 1,000 ಕೋಟಿ ಟರ್ನ್‌ಓವರ್, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಖರ್ಚು ಮಾಡಬೇಕು. ಅಂದರೆ ದುಡ್ಡು ಇರೋದು ದೊಡ್ಡ ಸದಸ್ಯರ ಹತ್ತಿರ. ಚೇಂಬರ್ ಮಾಡಬಹುದಾದ್ದು ನಾಲ್ಕು ಕಂಪನಿಯ ದುಡ್ಡು ಒಂದೇ ಊರಿಗೆ, ಒಂದೇ ಕೆಲಸಕ್ಕೆ ಹೋಗುವ ಹಾಗೆ ಜೋಡಿಸೋದು. ಇಂಡೋ-ಫ್ರೆಂಚ್ ಚೇಂಬರ್ ಇದಕ್ಕೇ ಅಂತ ಪ್ರತ್ಯೇಕ ಸಮಾವೇಶ, ಪ್ರಶಸ್ತಿ ನಡೆಸುತ್ತದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುತ್ತಾರೆ, ಒಳ್ಳೇದೇ.

ಚೇಂಬರ್ ತನ್ನದೇ ಟ್ರಸ್ಟ್ ಇಟ್ಟುಕೊಂಡು ದೇಣಿಗೆ ಕೇಳಿದರೆ ಎರಡು ಕಾಗದ ನೋಡಿ. ಒಂದು, ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ, 80ಜಿ ಅಂತ ಕರೆಯುವ ಮಾನ್ಯತೆ. ಇನ್ನೊಂದು ಸಿಎಸ್‌ಆರ್-1 ನೋಂದಣಿ. 2021ರ ಏಪ್ರಿಲ್‌ನಿಂದ ಈ ನೋಂದಣಿ ಇಲ್ಲದ ಸಂಸ್ಥೆಯ ಮೂಲಕ ಮಾಡಿದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಬಾಯಿ ಬಿಟ್ಟು ಕೇಳಿ: ಮೂರು ವರ್ಷದ ಹಿಂದೆ ಬ್ಯಾಗ್ ಕೊಟ್ಟ ಶಾಲೆಗೆ ಆಮೇಲೆ ಯಾರಾದರೂ ಹೋಗಿದ್ದರಾ? ಉತ್ತರ ಹೇಳುವಾಗ ಶಾಲೆಯ ಹೆಡ್‌ಮಾಸ್ಟರ ಹೆಸರು ಬಾಯಿಗೆ ಬಂದರೆ ಆ ಚೇಂಬರ್ ಪರವಾಗಿಲ್ಲ.

ನಮ್ಮಂಥ ಸಣ್ಣವರಿಗೆ 2% ಕಾನೂನು ತಗಲುವುದಿಲ್ಲ. ನಾವು ಮಾಡಬಹುದಾದ್ದು ಅಪ್ರೆಂಟಿಸ್ ಇಟ್ಟುಕೊಳ್ಳೋದು. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಗೆ ಅದು ಕಡ್ಡಾಯ. 4ರಿಂದ 29 ಜನ ಇರುವವರಿಗೆ ಇಷ್ಟ ಇದ್ದರೆ. ನಾವು ಇಬ್ಬರು ಐಟಿಐ ಹುಡುಗರನ್ನು ಇಟ್ಟುಕೊಂಡಿದ್ದೇವೆ. ಒಬ್ಬ ಚಳ್ಳಕೆರೆಯವನು. ಮೈಕ್ರೋಮೀಟರ್ ಹಿಡಿದರೆ ಉಸಿರು ಬಿಗಿ ಹಿಡಿಯುತ್ತಾನೆ, ಉಸಿರು ಬಿಟ್ಟರೆ ಅಳತೆ ತಪ್ಪುತ್ತೆ ಅಂತ ಯಾರೋ ಹೇಳಿದ್ದಾರಂತೆ.

ಊರಿನ ಸಂಘ ಬಿಟ್ಟು ಇಲ್ಲಿ ಸೇರೋದಾ?

ಬೇಡ. ದ್ವಿರಾಷ್ಟ್ರೀಯ ಚೇಂಬರ್ ಮಾಡದ ಕೆಲಸದ ಪಟ್ಟಿ ಉದ್ದವಿದೆ. ರಫ್ತು ಮಾಡೋಕೆ ಬೇಕಾದ ಐಇಸಿ ನಂಬರ್ ಕೊಡೋದು ಕೇಂದ್ರ ಸರಕಾರದ ಡಿಜಿಎಫ್‌ಟಿ ಕಚೇರಿ. ರಫ್ತಿನ ಸವಲತ್ತಿಗೆ ಬೇಕಾದ ಆರ್‌ಸಿಎಂಸಿ ಕೊಡೋದು ಇಇಪಿಸಿಯಂಥ ರಫ್ತು ಮಂಡಳಿ. ವೀಸಾ ಕೊಡೋದು ಕಾನ್ಸುಲೇಟ್. ಮಾಲು ಎಲ್ಲಿಯದು ಅನ್ನುವ ಮೂಲ ಪ್ರಮಾಣಪತ್ರ ಬೇಕಾದರೆ ಕರ್ನಾಟಕದ ವಾಣಿಜ್ಯ ಕೈಗಾರಿಕಾ ಸಂಘ ಎಫ್‌ಕೆಸಿಸಿಐ ಇದೆ. 1916ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಮೈಸೂರು ಚೇಂಬರೇ ಇವತ್ತಿನ ಎಫ್‌ಕೆಸಿಸಿಐ. ವಿದ್ಯುತ್ ದರ, ಕಾರ್ಖಾನೆ ತೆರಿಗೆ, ರಸ್ತೆಯ ಗುಂಡಿ ಬಗ್ಗೆ ಜಗಳ ಆಡೋಕೆ 1949ರಿಂದ ಇರುವ ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘ ಬೇಕು. ಪೀಣ್ಯದ ಗುಂಡಿಗೆ ಡಸೆಲ್ಡಾರ್ಫ್‌ನವರು ಏನು ಮಾಡಿಯಾರು?

ನಮ್ಮ ಲೆಕ್ಕ ಹೀಗಾಯಿತು. ಕಾಸಿಯಾ ಮತ್ತು ಪೀಣ್ಯದ ಸಂಘ ಖಾಯಂ. ಜತೆಗೆ ಒಂದೇ ಒಂದು ದ್ವಿರಾಷ್ಟ್ರೀಯ ಚೇಂಬರ್, ಜರ್ಮನ್ನರದು, ಏಕೆಂದರೆ ನಮ್ಮ ಮಾಲು ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಹೋಗುತ್ತೆ. ಏರೋಸ್ಪೇಸಿಗೆ ಇಳಿದಿದ್ದರೆ ಫ್ರೆಂಚರದ್ದು ತೆಗೆದುಕೊಳ್ಳುತ್ತಿದ್ದೆ. ಸಾಫ್ಟ್‌ವೇರ್ ಮಾಡುವ ನನ್ನ ಭಾವಮೈದ ಇಂಡೋ-ಅಮೆರಿಕನ್ ಸೇರಿದ್ದಾನೆ, ಅವನಿಗೆ ಅದು ಸರಿ. ಎರಡೆರಡು ವಿದೇಶಿ ಚೇಂಬರ್ ಇಟ್ಟುಕೊಳ್ಳೋದು ಸಣ್ಣವರಿಗೆ ದಂಡ. ಶುಲ್ಕದ ಮೇಲೆ 18% ಜಿಎಸ್‌ಟಿ ಇದೆ ಅನ್ನೋದನ್ನೂ ಮರೆಯಬೇಡಿ.

ಚೆಕ್ ಬರೆಯೋ ಮೊದಲು ಸದಸ್ಯರಲ್ಲದವರ ದರ ಕೊಟ್ಟು ಒಂದು ಕಾರ್ಯಕ್ರಮಕ್ಕೆ ಹೋಗಿ. ಸಂಜೆಯದ್ದಲ್ಲ, ಬೆಳಗ್ಗೆ ನಡೆಯುವ ತರಗತಿಗೆ. ಕೊನೇ ಸಾಲಿನಲ್ಲಿ ಕೂತು ಯಾರು ಪ್ರಶ್ನೆ ಕೇಳುತ್ತಾರೆ ನೋಡಿ. ಶೆಡ್ ನಡೆಸುವವರು ಕೇಳುತ್ತಿದ್ದರೆ ಇರಿ. ಜನವರಿಯಲ್ಲಿ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಮಷಿನ್ ಮೇಳ ನಡೆದಾಗ ಬೇರೆ ಬೇರೆ ದೇಶದವರು ಒಂದೇ ಕಡೆ ಸಿಗುತ್ತಾರೆ. ಪೀಣ್ಯದಿಂದ ಮೆಟ್ರೋದಲ್ಲೇ ಹೋಗಬಹುದು. ಹೋಗುವಾಗ ಬ್ರೋಷರ್ ಬೇಡ, ನೀವು ಮಾಡಿದ ಒಂದು ಪೀಸ್ ಜೇಬಿನಲ್ಲಿ ಇಟ್ಟುಕೊಳ್ಳಿ.